ನ್ಯಾಯಸ್ಥಾನ ಮತ್ತು ರಂಗಸ್ಥಳ

ನಡೆದ ಘಟನೆಯನ್ನು ಆಧರಿಸಿ ನಾಟಕ ಬರೆಯುವವನಿಗೆ ಎಷ್ಟರ ಮಟ್ಟಿನ ಸ್ವಾತಂತ್ರ್ಯವುಂಟು? ಈ ಪ್ರಶ್ನೆಯ ವಿವೇಚನೆಗೆ 'ಇನ್‌ಹೆರಿಟ್ ದಿ ವಿಂಡ್' ಎಂಬ ಅಮೆರಿಕದ ನಾಟಕ ಒಳ್ಳೆಯ ನಿದರ್ಶನ. ಜೆರೋಮ್ ಲಾರೆನ್ಸ್ ಮತ್ತು ರಾಬರ್ಟ್ ಇ. ಲೀ ಅವರು ಕೂಡಿ ರಚಿಸಿದ ಈ ಕೃತಿ 1955ರಲ್ಲಿ ರಂಗವನ್ನೇರಿತು, 1960ರಲ್ಲಿ ಚಲನಚಿತ್ರವಾಯಿತು. ಇದರ ಹಿನ್ನೆಲೆಯಲ್ಲಿರುವುದು 1925ರ ಜುಲೈ ತಿಂಗಳಿನಲ್ಲಿ ಟೆನೆಸೀ ರಾಜ್ಯದ ಡೇಟನ್ ಎಂಬ ಸಣ್ಣ ಊರಿನಲ್ಲಿ ನಡೆದ ಮೊಕದ್ದಮೆ.

ಆ ವರ್ಷದ ಮಾರ್ಚ್‌ನಲ್ಲಿ ಟೆನೆಸೀಯಲ್ಲಿ ಹೊಸ ಕಾನೂನೊಂದು ಬಂದಿತ್ತು. ಬೈಬಲಿನ ಸೃಷ್ಟಿಕಥೆಯನ್ನು ಅಲ್ಲಗಳೆದು, ಮನುಷ್ಯನು ಕೆಳವರ್ಗದ ಪ್ರಾಣಿಗಳಿಂದ ವಿಕಾಸಗೊಂಡನೆಂದು ಸರ್ಕಾರಿ ಶಾಲೆಗಳಲ್ಲಿ ಬೋಧಿಸುವುದು ಅದರ ಪ್ರಕಾರ ಅಪರಾಧ. ಈ ಕಾನೂನನ್ನು ಪರೀಕ್ಷೆಗೊಡ್ಡಲು ಒಪ್ಪುವ ಉಪಾಧ್ಯಾಯರಿಗೆ ನೆರವು ನೀಡುವೆವೆಂದು ಅಮೆರಿಕದ ನಾಗರಿಕ ಸ್ವಾತಂತ್ರ್ಯ ಸಂಘವು ಪತ್ರಿಕೆಗಳಲ್ಲಿ ಪ್ರಕಟಿಸಿತು. ಅದನ್ನು ಓದಿದ ಡೇಟನ್ನಿನ ಕೆಲವು ಪ್ರಮುಖರು ಔಷಧದ ಅಂಗಡಿಯೊಂದರಲ್ಲಿ ಕಲೆತು, ಮೊಕದ್ದಮೆ ತಮ್ಮ ಊರಿನಲ್ಲಿಯೇ ನಡೆದರೆ ಊರಿಗೆ ಹೆಸರೂ ವ್ಯಾಪಾರವೂ ಬರುವುದೆಂದು ಲೆಕ್ಕಹಾಕಿದರು. ಇಪ್ಪತ್ತನಾಲ್ಕು ವರ್ಷದ ಉಪಾಧ್ಯಾಯ ಜಾನ್ ಸ್ಕೋಪ್ಸ್ ಅವರನ್ನು ಕರೆಸಿ, ಆರೋಪಿಯಾಗಲು ಒಪ್ಪುವಿರಾ ಎಂದು ಕೇಳಿದರು. ಅವರು ಒಪ್ಪಿದರು. ಅವರು ಬಳಸಿದ್ದ ಜೀವಶಾಸ್ತ್ರದ ಪುಸ್ತಕವು ಆ ರಾಜ್ಯದ ಶಾಲೆಗಳಿಗೆ ಸರ್ಕಾರವೇ ಗೊತ್ತುಮಾಡಿದ್ದ ಪಠ್ಯವೆಂಬುದು ಈ ಪ್ರಕರಣದ ಒಂದು ವಿಚಿತ್ರ!

ನಾಟಕದಲ್ಲಿ ಈ ಔಷಧದ ಅಂಗಡಿಯ ಮಾತೇ ಇಲ್ಲ. ಅಲ್ಲಿ ಊರಿನ ಹೆಸರು ಹಿಲ್ಸ್‌ಬರೊ. ಉಪಾಧ್ಯಾಯನ ಹೆಸರು ಕೇಟ್ಸ್. ತೆರೆ ಸರಿದಾಗಲೇ ಅವನು ಸೆರೆಮನೆಯಲ್ಲಿದ್ದಾನೆ. ಊರಿನ ಧರ್ಮಬೋಧಕನು ಅವನ ಮೇಲೆ ಕಿಡಿಕಾರುತ್ತಾನೆ. ಆ ಬೋಧಕನ ಮಗಳೇ ಅವನನ್ನು ಪ್ರೀತಿಸಿದವಳು. ನಿಜವಾಗಿ ಸ್ಕೋಪ್ಸ್ ಅವರು ಒಂದು ದಿನವೂ ಸೆರೆಯಲ್ಲಿರಲಿಲ್ಲ. ಆ ಯುವತಿಯೂ ಕಲ್ಪಿತಳೇ. ಡೇಟನ್ನಿನ ಜನ ತಮ್ಮನ್ನು ಸೌಜನ್ಯದಿಂದ ಕಂಡರೆಂದು ಪ್ರತಿವಾದಿ ಪಕ್ಷದ ವಕೀಲ ಕ್ಲಾರೆನ್ಸ್ ಡಾರೋ ಅವರೇ ನ್ಯಾಯಾಲಯದಲ್ಲಿ ಹೇಳಿದರು. ಒಬ್ಬಂಟಿಯ ಎದುರಿಗೆ ಕೆರಳಿದ ಊರನ್ನು ನಿಲ್ಲಿಸಿದರೆ ರಂಗದ ಮೇಲೆ ಬಿಸಿ ಏರುತ್ತದೆ, ನಿಜ. ಆದರೆ ತಾನಾಗಿಯೇ ಮೊಕದ್ದಮೆಯನ್ನು ಬರಮಾಡಿಕೊಂಡ ಊರಿನ ಕಥೆಯಲ್ಲಿದ್ದ ಹಾಸ್ಯವು ಇದರಿಂದ ಮರೆಯಾಯಿತು.

ಇದಕ್ಕಿಂತ ಗುರುತರವಾದ ಬದಲಾವಣೆಯಾದುದು ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಅವರ ಚಿತ್ರಣದಲ್ಲಿ. ಮೂರು ಬಾರಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತಿದ್ದ ಈ ಮಹಾವಾಗ್ಮಿ ಸರ್ಕಾರದ ಪರವಾಗಿ ವಾದಿಸಲು ಬಂದಿದ್ದರು. ಬಲಶಾಲಿಯು ದುರ್ಬಲನನ್ನು ತುಳಿದು ಬದುಕುವುದೇ ನಿಸರ್ಗದ ನಿಯಮವೆಂಬ ಭಾವನೆ ಹರಡಿದರೆ ಯುದ್ಧಕ್ಕೂ ಶೋಷಣೆಗೂ ಸಮರ್ಥನೆ ದೊರೆಯುವುದೆಂಬ ಭಯ ಅವರಿಗಿತ್ತು. ಈ ಭಯ ಬರಿಯ ಭ್ರಮೆಯಾಗಿರಲಿಲ್ಲ. ಮೇಲೆ ಹೇಳಿದ ಪಠ್ಯಪುಸ್ತಕದಲ್ಲಿಯೇ ಮಾನವ ಜನಾಂಗಗಳನ್ನು ಮೇಲು-ಕೀಳೆಂದು ವಿಂಗಡಿಸುವ, ಇಂದು ಯಾವ ವಿಜ್ಞಾನಿಯೂ ಒಪ್ಪದ ಮಾತುಗಳಿದ್ದವು. ಬ್ರಯನ್ ಅವರು ವಿಜ್ಞಾನವನ್ನು ತಪ್ಪಾಗಿ ತಿಳಿದಿದ್ದರು. ಆದರೆ ಅವರ ಕಳವಳಕ್ಕೆ ಕಾರಣವಿತ್ತು. ನಾಟಕದ ಬ್ರೇಡಿಯಾದರೋ ಹೆಚ್ಚಾಗಿ ಹೊಗಳಿಕೆಗೆ ಹಸಿದ ಅಹಂಕಾರಿ. ನೂರು ಡಾಲರುಗಳ ದಂಡ ತೀರ ಅಲ್ಪವೆಂದು ಅವನು ಅಬ್ಬರಿಸುತ್ತಾನೆ. ನಿಜವಾದ ಬ್ರಯನ್ ಅವರು ಇಂಥ ಕಾನೂನಿಗೆ ದಂಡವೇ ಬೇಡವೆಂದವರು; ಸ್ಕೋಪ್ಸ್ ಅವರ ದಂಡವನ್ನು ತಾವೇ ತೆರಲು ಮುಂದೆಬಂದವರು. ಇಲ್ಲಿ ನಾಟಕಕಾರರು ಅವರಿಗೆ ಅನ್ಯಾಯ ಮಾಡಿದ್ದಾರೆಂದೇ ಹೇಳಬೇಕು.

ನಾಟಕಕ್ಕೂ ವಾಸ್ತವಕ್ಕೂ ಅತಿ ಸಮೀಪದ ಭಾಗವೆಂದರೆ ಪಾಟೀಸವಾಲು. ವಿಜ್ಞಾನಿಗಳ ಸಾಕ್ಷ್ಯವನ್ನು ತೀರ್ಪುಗಾರರ ಮುಂದಿಡಲು ನ್ಯಾಯಾಧೀಶರು ಅವಕಾಶ ಕೊಡದಿದ್ದಾಗ ಡಾರೋ ಅವರು ಎದುರು ಪಕ್ಷದ ಬ್ರಯನ್ ಅವರನ್ನೇ ಸಾಕ್ಷಿಯಾಗಿ ಕರೆದರು. ಜುಲೈ 20ರ ಆ ಸೆಕೆಯ ಮಧ್ಯಾಹ್ನ ಕಲಾಪವು ನ್ಯಾಯಾಲಯದ ಹೊರಗೆ, ಹುಲ್ಲಿನ ಮೇಲೆ, ಬಯಲಿನಲ್ಲಿ ನಡೆಯಿತು. ಯೋನನನ್ನು ನುಂಗಿದ ಮೀನು, ಯೆಹೋಶುವನ ಮಾತಿಗೆ ನಿಂತ ಸೂರ್ಯ, ಕಾಯಿನನ ಹೆಂಡತಿ—ಈ ಪ್ರಶ್ನೆಗಳು ನಾಟಕದಲ್ಲಿಯೂ ಇವೆ. ಸೃಷ್ಟಿಯ 'ದಿನ'ವು ಇಪ್ಪತ್ತನಾಲ್ಕು ಗಂಟೆಗಳದೇ ಆಗಬೇಕಿಲ್ಲವೆಂದು ಬ್ರಯನ್ ಅವರು ಒಪ್ಪಿದರು. ಆದರೆ ಮರುದಿನ ನ್ಯಾಯಾಧೀಶರು ಈ ಸಾಕ್ಷ್ಯವನ್ನೆಲ್ಲ ದಾಖಲೆಯಿಂದ ತೆಗೆಸಿಹಾಕಿದರು. ತೀರ್ಪುಗಾರರು ಅದನ್ನು ಕೇಳಿಯೇ ಇರಲಿಲ್ಲ. ಮೇಲಿನ ನ್ಯಾಯಾಲಯಕ್ಕೆ ಹೋಗುವ ಉದ್ದೇಶದಿಂದ ಡಾರೋ ಅವರು ತಮ್ಮ ಕಕ್ಷಿಗಾರರನ್ನು ಅಪರಾಧಿಯೆಂದೇ ನಿರ್ಣಯಿಸಬೇಕೆಂದು ಕೋರಿದರು. ಕೆಲವೇ ನಿಮಿಷಗಳಲ್ಲಿ ನಿರ್ಣಯ ಹೊರಬಂದಿತು. ನಾಟಕದ ಬ್ರೇಡಿ ನ್ಯಾಯಾಲಯದಲ್ಲಿಯೇ ಕುಸಿದುಬಿದ್ದು ಸಾಯುತ್ತಾನೆ; ಬ್ರಯನ್ ಅವರು ತೀರಿಕೊಂಡುದು ಐದು ದಿನಗಳ ಅನಂತರ, ನಿದ್ರೆಯಲ್ಲಿ.

ನಾಟಕಕಾರರು ಇದನ್ನು ಇತಿಹಾಸವೆಂದು ಹೇಳಿಕೊಳ್ಳಲಿಲ್ಲ. ಹೆಸರುಗಳನ್ನು ಬದಲಿಸಿದುದೂ ಅದಕ್ಕಾಗಿಯೇ. 1950ರ ದಶಕದ ಆರಂಭದಲ್ಲಿ ಸೆನೆಟರ್ ಮೆಕಾರ್ಥಿ ಮೊದಲಾದವರು ಕಮ್ಯೂನಿಸ್ಟರೆಂಬ ಶಂಕೆಯಿಂದ ಲೇಖಕರನ್ನೂ ಉಪಾಧ್ಯಾಯರನ್ನೂ ವಿಚಾರಣೆಗೆ ಗುರಿಪಡಿಸಿದ್ದರು. ಆ ಭೀತಿಯ ಕಾಲಕ್ಕೆ ಉತ್ತರವಾಗಿ ಅವರು ಹಳೆಯ ಮೊಕದ್ದಮೆಯನ್ನು ಆಯ್ದುಕೊಂಡರು. ಕೇಟ್ಸ್ ಸೆರೆಯಲ್ಲಿರುವುದಕ್ಕೆ ಕಾರಣವನ್ನು 1925ರಲ್ಲಿ ಹುಡುಕಿದರೆ ಸಿಕ್ಕದು. ಬರೆದವರ ಕಾಲದಲ್ಲಿ ಹುಡುಕಬೇಕು. ತೊಂದರೆಯೆಂದರೆ, ಮುಂದೆ ಅನೇಕರು ನಾಟಕವನ್ನೇ ಇತಿಹಾಸವೆಂದು ನಂಬಿದರು.

1927ರಲ್ಲಿ ಟೆನೆಸೀಯ ಸರ್ವೋಚ್ಚ ನ್ಯಾಯಾಲಯವು ಸ್ಕೋಪ್ಸ್ ಅವರ ಶಿಕ್ಷೆಯನ್ನು ರದ್ದುಪಡಿಸಿತು. ಐವತ್ತು ಡಾಲರಿಗೆ ಮೀರಿದ ದಂಡವನ್ನು ತೀರ್ಪುಗಾರರು ಗೊತ್ತುಮಾಡಬೇಕಾಗಿದ್ದಿತು, ನ್ಯಾಯಾಧೀಶರಲ್ಲ ಎಂಬುದೇ ಅದಕ್ಕೆ ಕಾರಣ. ಕಾನೂನು ಮಾತ್ರ ಹಾಗೆಯೇ ಉಳಿಯಿತು. ಸ್ಕೋಪ್ಸ್ ಅವರು ಉಪಾಧ್ಯಾಯ ವೃತ್ತಿಗೆ ಮರಳದೆ ಭೂವಿಜ್ಞಾನಿಯಾದರು. 1960ರಲ್ಲಿ ಚಲನಚಿತ್ರದ ಪ್ರದರ್ಶನಕ್ಕೆಂದು ಅವರು ಡೇಟನ್ನಿಗೆ ಬಂದಾಗ ಊರಿನವರು ಅವರನ್ನು ಗೌರವದಿಂದ ಬರಮಾಡಿಕೊಂಡರು. ಅಂದೂ ಆ ಕಾನೂನು ಜಾರಿಯಲ್ಲಿಯೇ ಇದ್ದಿತು. ಟೆನೆಸೀಯ ಶಾಸನಸಭೆ ಅದನ್ನು ತೆಗೆದುಹಾಕಿದುದು 1967ರಲ್ಲಿ.