ಆರ್ಮಿನಲ್ಲಿ ಉಳಿಸಿದ್ದು ಟೈರಿನಲ್ಲಿ ಹೋಯಿತು

ಟೈರಿನ ಒಳಅಂಚಿಗೆ ಕೈಯಾಡಿಸಿದಾಗ ಬೆರಳಿಗೆ ತಂತಿ ಚುಚ್ಚಿತು. 2025ರ ಸೆಪ್ಟೆಂಬರ್ ಕೊನೆಯ ವಾರ. ದೇವದುರ್ಗದ ನಮ್ಮ ಮನೆ ಮುಂದೆ ಕಾರಿನ ಪಂಕ್ಚರ್ ಆಗಿದ್ದ ಮುಂದಿನ ಗಾಲಿ ಬಿಚ್ಚುತ್ತಿದ್ದೆ. ಹೊರಗಿನಿಂದ ನೋಡಿದರೆ ಟೈರು ಇನ್ನೂ ಎರಡು ವರ್ಷ ಓಡುವಂತಿತ್ತು. ಒಳಮಗ್ಗುಲಲ್ಲಿ ಮಾತ್ರ ಎರಡು ಬೆರಳಗಲ ರಬ್ಬರೇ ಉಳಿದಿರಲಿಲ್ಲ. ಇನ್ನೊಂದು ಬದಿಯದನ್ನೂ ಬಿಚ್ಚಿದೆ, ಅದೂ ಹಾಗೇ. ಎರಡೂ 22,000 ಕಿಲೋಮೀಟರ್ ಓಡಿದ್ದ ಟೈರುಗಳು. ಏಳು ತಿಂಗಳ ಹಿಂದೆ ಇದೇ ಜಾಗದಲ್ಲಿ, ಇದೇ ಪಾನಾ ಹಿಡಿದು ಗಾಲಿಯನ್ನು ಚಾಸಿಗೆ ಜೋಡಿಸುವ ಮುಂದಿನ ಎರಡೂ ಲೋವರ್ ಆರ್ಮ್ ನಾನೇ ಬದಲಿಸಿದ್ದೆ. 3,600 ರೂಪಾಯಿ ಉಳಿಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟಿದ್ದೆ.

ನಮ್ಮ ಕಡೆಯ ಕಾರುಗಳಿಗೆ ಆರ್ಮ್ ಬುಷ್ ಬೇಗ ಹೋಗುತ್ತವೆ. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎಷ್ಟು ಚೆನ್ನಾಗಿದ್ದರೂ ಎರಡು ಮಳೆ ಕಳೆಯುವಷ್ಟರಲ್ಲಿ ಅಲೆ ಅಲೆಯಾಗುತ್ತದೆ. ಹತ್ತಿ ಹೊತ್ತ ಟ್ರ್ಯಾಕ್ಟರು, ಭತ್ತದ ಲಾರಿ, ಟಿಪ್ಪರುಗಳು ಉಳಿದದ್ದನ್ನು ಮುಗಿಸುತ್ತವೆ. ನಾನು ವಾರಕ್ಕೆರಡು ಸಲ ಮಾನ್ವಿ ಕಡೆ ಹೋಗುವವನು. 2025ರ ಜನವರಿಯಲ್ಲಿ ಎಡಗಡೆ ಟಕ್ ಟಕ್ ಸದ್ದು ಶುರುವಾಯಿತು. ಊರಿನ ಮಿಸ್ತ್ರಿ ಹಾರಿ ಹಾಕಿ ಮೀಟಿ ನೋಡಿ, "ಬುಷ್ ಹೋಗ್ಯಾವ್ರಿ ಸರ. ಬಾಲ್ ಜಾಯಿಂಟೂ ಆಡಾಕತ್ತೈತಿ. ಆರ್ಮ್ ಜೋಡಿನೇ ಹಾಕಿಸಿಬಿಡ್ರಿ" ಅಂದರು.

ರಾಯಚೂರಿನ ವರ್ಕ್‌ಶಾಪ್ ಕೊಟ್ಟ ಲೆಕ್ಕ ಹೀಗಿತ್ತು: ಆರ್ಮ್ ಒಂದಕ್ಕೆ 2,350, ಜೋಡಿಗೆ 4,700. ಮಜೂರಿ 1,500. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಸೇರಿ 900. ಹೋಗಿ ಬರಲು ನೂರು ಕಿಲೋಮೀಟರಿಗೂ ಮೇಲೆ, ಅದರ ಪೆಟ್ರೋಲ್ 700. ಒಟ್ಟು 7,800. ನನಗೆ ಅದು ಹೆಚ್ಚೆನಿಸಿತು. ಕಂಪನಿ ಹೆಸರಿಲ್ಲದ ಆರ್ಮ್ ಜೋಡಿಗೆ 2,300 ಕೊಟ್ಟೆ. ಸಾಕೆಟ್ ಸೆಟ್ಟು, ಎರಡು ಜಾಕ್ ಸ್ಟ್ಯಾಂಡು, ಉದ್ದ ಹಿಡಿಕೆಯ ಪಾನಾ ಸೇರಿ 1,900. ಅಲ್ಲಿಗೆ 4,200. ಅಲೈನ್‌ಮೆಂಟಿಗೆ ಹೋಗಲಿಲ್ಲ. ಸ್ಟೇರಿಂಗ್ ನೇರವಾಗಿಯೇ ಇತ್ತು, ಗಾಡಿ ಯಾವ ಕಡೆಗೂ ಎಳೆಯುತ್ತಿರಲಿಲ್ಲ.

ಕೆಲಸದ ದಿನ ಮೊದಲು ಅಂಗಳದಲ್ಲಿ ಜಾಕ್ ಕೊಟ್ಟೆ. ಕಾರು ಏಳುವ ಬದಲು ಜಾಕೇ ಮಣ್ಣಿನೊಳಗೆ ಇಳಿಯಿತು. ಭಾವಮೈದುನ ನೋಡಿ, "ಮಾವಾ, ಇಲ್ಲಿ ಬ್ಯಾಡ" ಎಂದು ಗಾಡಿಯನ್ನು ಸಿಮೆಂಟ್ ರಸ್ತೆಗೆ ತಳ್ಳಿಸಿದ. ಆ ಮಾತು ಕೇಳಿದ್ದು ಒಳ್ಳೆಯದಾಯಿತು. ಜಂಗು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದೆ. ಬಾಲ್ ಜಾಯಿಂಟ್ ಬಿಡಿಸಲು ಒಂದು ತಾಸು ಹಿಡಿಯಿತು. ಹೊಸ ಆರ್ಮ್ ಕೂಡಿಸಿ, ಗಾಲಿ ಗಾಳಿಯಲ್ಲಿ ತೂಗಾಡುತ್ತಿರುವಾಗಲೇ ಬುಷ್ಷಿನ ಬೋಲ್ಟುಗಳನ್ನು ಮೈಬಲ ಹಾಕಿ ಬಿಗಿದೆ.

ತಪ್ಪಿದ್ದು ಅಲ್ಲೇ. ಬುಷ್ ಅಂದರೆ ಎರಡು ಕಬ್ಬಿಣದ ಕೊಳವೆಗಳ ನಡುವೆ ಅಂಟಿಸಿದ ರಬ್ಬರು. ಬೋಲ್ಟ್ ಬಿಗಿದ ಕೂಡಲೇ ಒಳಗಿನ ಕೊಳವೆ ಚಾಸಿಗೆ ಕಚ್ಚಿಕೊಳ್ಳುತ್ತದೆ, ತಿರುಗುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡುವುದೆಲ್ಲ ರಬ್ಬರು ತಿರುಚಿಕೊಂಡೇ ಆಡುವುದು. ಗಾಲಿ ಜೋತುಬಿದ್ದಾಗ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರು ಒಂದೇ ಕಡೆಗೆ ತಿರುಚಿಕೊಂಡು ನಿಲ್ಲುತ್ತದೆ, ಗಾಡಿ ನಿಂತಿದ್ದಾಗಲೂ. ಗುಂಡಿ ಬಂದಾಗ ಇನ್ನಷ್ಟು ತಿರುಚುತ್ತದೆ. ಕಾರಿನ ಭಾರ ಗಾಲಿಯ ಮೇಲಿದ್ದಾಗಲೇ ಕೊನೆಯ ಬಿಗಿತ ಕೊಡಬೇಕು. ಸೆಪ್ಟೆಂಬರಿನಲ್ಲಿ ಹಳೆಯ ಆರ್ಮ್ ಹಿಡಿದುಕೊಂಡು ಹೋದಾಗ ಮಿಸ್ತ್ರಿ ಕೇಳಿದ ಮೊದಲ ಮಾತೇ ಅದು: "ಗಾಲಿ ನೆಲಕ್ಕ ಇಟ್ಟು ಟೈಟ್ ಮಾಡಿದ್ರೇನ್ರಿ?" ಅವರು ಬುಷ್ಷನ್ನು ಹೆಬ್ಬೆರಳಿನಿಂದ ಒತ್ತಿದರು. ರಬ್ಬರು ಕೊಳವೆಯಿಂದ ಅರ್ಧ ಸುತ್ತು ಕಿತ್ತು ಬಂದಿತ್ತು, ಬಿರುಕಿನೊಳಗೆ ಕೆಂಪು ಧೂಳು ಕೂತಿತ್ತು. ಬುಷ್ ಸಡಿಲಾದಾಗ ಬ್ರೇಕ್ ಹಾಕಿದಷ್ಟು ಸಲ ಗಾಲಿ ಹೊರಕ್ಕೆ ತಿರುಗುತ್ತದೆ. ಒಳಅಂಚು ಸವೆದದ್ದು ಹಾಗೆ.

ಈಗ ಲೆಕ್ಕಕ್ಕೆ ಬರುತ್ತೇನೆ, ನಿಧಾನವಾಗಿ ಓದಿ. ಎರಡನೇ ಸಲ ಒಳ್ಳೆಯ ಆರ್ಮ್ ತಂದೆ. ಬಿಡಿಭಾಗಗಳ ಜಿಎಸ್‌ಟಿ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿದ್ದರಿಂದ 2,350ರ ಆರ್ಮ್ 2,165ಕ್ಕೆ ಸಿಕ್ಕಿತು, ಜೋಡಿಗೆ 4,330. ಮತ್ತೆ ನಾನೇ ಹಾಕಿದೆ. ಅಲೈನ್‌ಮೆಂಟ್ 900, ಪೆಟ್ರೋಲ್ 700. ಹೀಗೆ 5,930. ಎರಡು ಟೈರು 8,200. ಮೊದಲ ಸಲದ 4,200 ಸೇರಿಸಿದರೆ 18,330.

ಇದನ್ನೇ ನಷ್ಟ ಅಂದರೆ ಲೆಕ್ಕ ಸುಳ್ಳಾಗುತ್ತದೆ. ಹೇಗಿದ್ದರೂ 7,800 ಖರ್ಚಾಗುತ್ತಿತ್ತು, ಅದನ್ನು ಕಳೆಯಬೇಕು: 10,530. ಪಾನಾ, ಸ್ಟ್ಯಾಂಡು ಮನೆಯಲ್ಲೇ ಇವೆ, 1,900 ಕಳೆಯಿರಿ: 8,630. ಟೈರು 40,000 ಕಿಲೋಮೀಟರ್ ಬಾಳುತ್ತವೆ ಅಂದುಕೊಂಡರೆ 22,000 ಓಡಿ ಶೇ 55ರಷ್ಟು ದುಡಿದಿದ್ದವು. 8,200ರಲ್ಲಿ ಶೇ 55 ಅಂದರೆ 4,510, ಅದನ್ನೂ ಕಳೆಯಿರಿ. ಉಳಿಯುವುದು 4,120. ನೋಟ್‌ಬುಕ್ಕಿನಲ್ಲಿ 3,600 ಉಳಿತಾಯ ಎಂದಿದ್ದ ಕಡೆ ನಿಜವಾಗಿ 4,120 ನಷ್ಟ. ಎರಡು ಭಾನುವಾರಗಳಿಗೆ ನಾನು ಬೆಲೆ ಹಾಕಿಲ್ಲ.

ನನ್ನನ್ನು ಇನ್ನೂ ಕಾಡುವುದು ಮೊದಲ ಉಳಿತಾಯದ ಒಳಗೆ ಏನಿತ್ತು ಎಂಬುದು. ಆರ್ಮಿನ ಬೆಲೆಯಲ್ಲಿ 2,400, ಮಜೂರಿಯಲ್ಲಿ 1,500, ಅಲೈನ್‌ಮೆಂಟಿನಲ್ಲಿ 900, ಪೆಟ್ರೋಲಿನಲ್ಲಿ 700 ಕಡಿಮೆ ಕೊಟ್ಟಿದ್ದೆ; ಪಾನಾ, ಸ್ಟ್ಯಾಂಡಿಗೆ ಹೋದ 1,900 ಕಳೆದು ಆ 3,600 ಆಗಿತ್ತು. ಇದರಲ್ಲಿ ನನ್ನ ಕೈ ದುಡಿದು ಉಳಿಸಿದ್ದು ಮಜೂರಿಯ 1,500 ಒಂದೇ. ಉಳಿದ 4,000 ಮುಂದೆ ಕೊಡಬೇಕಾದ ಬಾಕಿ, ಅದನ್ನು ನಾನು ಉಳಿತಾಯದ ಸಾಲಿನಲ್ಲಿ ಬರೆದುಕೊಂಡಿದ್ದೆ. ಆದ್ದರಿಂದ ಮನೆಯಲ್ಲಿ ಮಾಡಿದ್ದೇ ತಪ್ಪು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಎರಡನೇ ಸಲವೂ ಮನೆಯಲ್ಲೇ ಮಾಡಿದೆ. ಗಾಲಿಗಳ ಕೆಳಗೆ ದಪ್ಪ ಹಲಗೆ ಕೊಟ್ಟು, ಗಾಡಿಯ ಭಾರ ಪೂರ್ತಿ ಕೂತ ಮೇಲೆ ಬೋಲ್ಟ್ ಬಿಗಿದೆ, ಮರುದಿನವೇ ರಾಯಚೂರಿಗೆ ಹೋದೆ.

ಬುಷ್ ಮಾತ್ರ ಪ್ರೆಸ್ಸಿಗೆ ಕೊಟ್ಟು ಹಾಕಿಸಬಹುದಲ್ಲ ಎಂದು ಕೇಳುತ್ತಾರೆ. ಬಾಲ್ ಜಾಯಿಂಟ್ ಗಟ್ಟಿಯಿದ್ದರೆ ಹಾಕಿಸಿ. ನನ್ನದು ಗಟ್ಟಿಯಿರಲಿಲ್ಲ.

ಹೆಸರಿಲ್ಲದ ಆರ್ಮ್ ಬಗ್ಗೆ ಮಾತ್ರ ನನಗೆ ತಾಳ್ಮೆಯಿಲ್ಲ. ಪಾಲಿಥಿನ್ ಚೀಲದಲ್ಲಿ ಸುತ್ತಿ ಕೊಡುವ, ಪಾರ್ಟ್ ನಂಬರ್ ಇಲ್ಲದ ಆ ವಸ್ತು ಬೇಡವೇ ಬೇಡ. ಪ್ಯಾಕೆಟ್ಟಿನ ಮೇಲೆ ತಯಾರಕರ ಹೆಸರು ವಿಳಾಸ, ತಿಂಗಳು ವರ್ಷ, ಎಂಆರ್‌ಪಿ ಇರಲೇಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಅದನ್ನೂ ಅಚ್ಚು ಹಾಕದವರು ಒಳಗಿನ ರಬ್ಬರನ್ನು ನೆಟ್ಟಗೆ ಅಂಟಿಸಿರುತ್ತಾರೆಂದು ಯಾವ ಧೈರ್ಯದಲ್ಲಿ ನಂಬುವುದು? ಬಾಲ್ ಜಾಯಿಂಟ್ ಕಳಚಿದರೆ ಗಾಲಿ ಮಡಚಿಕೊಳ್ಳುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ. ನನ್ನ ಬುಷ್ ಹೋದದ್ದು ನನ್ನ ಬಿಗಿತದಿಂದಲೋ ಆ ರಬ್ಬರಿನಿಂದಲೋ ಎಂದು ಬೇರ್ಪಡಿಸಲು ನನಗೆ ಆಗುವುದಿಲ್ಲ, ಬಿಲ್ಲಿರಲಿಲ್ಲವಾದ್ದರಿಂದ ಹೋಗಿ ಕೇಳಲೂ ಆಗಲಿಲ್ಲ.

ವಿಮೆ ಇದೆಯಲ್ಲ ಎನ್ನಬೇಡಿ. ಸವೆತವನ್ನು ಮೋಟಾರ್ ಪಾಲಿಸಿ ಹೊರಗಿಡುತ್ತದೆ. ಅಪಘಾತದಲ್ಲಿ ಹೋದರೂ ರಬ್ಬರ್ ಭಾಗಕ್ಕೆ, ಟೈರಿಗೆ ಮಾಮೂಲಿ ಪಾಲಿಸಿಯಲ್ಲಿ ಶೇ 50 ಸವಕಳಿ ಕಡಿತ. ನನಗೆ ಮಾರಲು ಬಂದ ಎಕ್ಸ್‌ಟೆಂಡೆಡ್ ವಾರಂಟಿಯ ಪತ್ರದಲ್ಲೂ ಬುಷ್ ಹೊರಗಿನ ಪಟ್ಟಿಯಲ್ಲೇ ಇತ್ತು. ಆ ಪಟ್ಟಿ ಓದದೆ ಸಹಿ ಹಾಕಬೇಡಿ.

ಈಗ ತಿಂಗಳಿಗೊಮ್ಮೆ ಸ್ಟೇರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ, ಟೈರಿನ ಒಳಮಗ್ಗುಲಿಗೆ ಟಾರ್ಚ್ ಬಿಡುತ್ತೇನೆ. ಎರಡು ನಿಮಿಷದ ಕೆಲಸ. ಮಾರ್ಚಿನಲ್ಲೇ ಮಾಡಿದ್ದರೆ ಟೈರು ಉಳಿಯುತ್ತಿದ್ದವು. ಗಾಡಿಗೆ ಹಾಕಿದ ಪ್ರತಿ ರೂಪಾಯಿಯನ್ನು ಕಿಲೋಮೀಟರ್ ಸಮೇತ ಬರೆದಿಡಿ, ಬಿಲ್ಲು ಅದೇ ಪುಟಕ್ಕೆ ಪಿನ್ ಮಾಡಿ. ಹೊಲಕ್ಕೆ ಹಾಕಿದ ಗೊಬ್ಬರದ ಲೆಕ್ಕ ಬಾಯಲ್ಲೇ ಹೇಳುವ ನಮ್ಮ ಮಂದಿ, ಕಾರಿಗೆ ವರ್ಷಕ್ಕೆ ಎಷ್ಟು ಹೋಯಿತೆಂದು ಕೇಳಿದರೆ ಸುಮ್ಮನಾಗುತ್ತಾರೆ.

ಕಳೆದ ವಾರ ಗಬ್ಬೂರಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಿದ್ದಾನೆ, ಎಡಗಡೆ ಸದ್ದು. "ಅಣ್ಣಾ, ಐತವಾರ ಬರ್ತೀನಿ, ನಾವೇ ಹಾಕೋಣು. ಒಂದು ಅಂಗಡ್ಯಾಗ ಅಗ್ಗದ ಆರ್ಮ್ ಅದಾವಂತ" ಅಂದ. ಬಾ ಅಂದೆ. ಪಾರ್ಟ್ ನಂಬರ್ ಇರೋದನ್ನೇ ಬಿಲ್ ಮಾಡಿಸಿಕೊಂಡು ಬಾ, ಅಲೈನ್‌ಮೆಂಟಿನ ರೊಕ್ಕ ಬ್ಯಾರೆ ತೆಗೆದಿಡು, ಸೋಮವಾರ ಮುಂಜಾನೆ ಇಬ್ಬರೂ ನಿನ್ನ ಗಾಡ್ಯಾಗೇ ರಾಯಚೂರಿಗೆ ಹೋಗೋಣು ಎಂದೂ ಹೇಳಿದೆ.