ಬೀಜ ನೆಟ್ಟ ಬಳಿಕ ಡೋಸಿನ ಲೆಕ್ಕ

ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟಿದ ಕ್ಯಾನ್ಸರು ಇನ್ನೂ ಹೊರಗೆ ಹರಡದಿರುವಾಗ ಅನುಸರಿಸುವ ಚಿಕಿತ್ಸಾಕ್ರಮಗಳಲ್ಲಿ ಒಂದು, ವಿಕಿರಣಶೀಲ ‘ಬೀಜ’ಗಳನ್ನು ಅಲ್ಲಿಯೇ ನೆಟ್ಟುಬಿಡುವುದು. ಟೈಟೇನಿಯಮ್ ಕವಚದೊಳಗೆ ಅಯೊಡಿನ್-125 ಇರುವ ಈ ಬೀಜದ ಉದ್ದ ಸುಮಾರು 4.5 ಮಿಲಿಮೀಟರು. ಇಂಥ ಹಲವು ಹತ್ತು ಬೀಜಗಳನ್ನು ಸೂಜಿಗಳ ಮೂಲಕ ಇಳಿಸಿ, ಶಾಶ್ವತವಾಗಿ ಬಿಟ್ಟುಬಿಡುತ್ತಾರೆ. ಅಯೊಡಿನ್-125ರ ಅರ್ಧಾಯು 59.4 ದಿನವಾದುದರಿಂದ, ವರ್ಷ ತುಂಬುವಷ್ಟರಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಪಾಲು ವಿಕಿರಣ ಹೊರಬಿದ್ದಿರುತ್ತದೆ.

ಬೀಜಗಳಿಂದಲೇ ಚಿಕಿತ್ಸೆ ನಡೆಯುವಾಗ ವಾಡಿಕೆಯಾಗಿ ವಿಧಿಸುವ ಡೋಸು 145 ಗ್ರೇ. ಒಂದು ಕಿಲೋಗ್ರಾಂ ದ್ರವ್ಯ ಒಂದು ಜೂಲ್ ಶಕ್ತಿಯನ್ನು ಹೀರಿದರೆ ಅದೇ 1 ಗ್ರೇ. (145 ಜೂಲ್ ಪೂರ್ತಿ ಶಾಖವಾದರೂ ಒಂದು ಕಿಲೋಗ್ರಾಂ ನೀರಿನ ಉಷ್ಣತೆ ಸುಮಾರು 0.035 ಡಿಗ್ರಿ ಮಾತ್ರ ಏರೀತು! ಜೀವಕೋಶವನ್ನು ಕೊಲ್ಲುವುದು ಶಾಖವಲ್ಲ, ಅದರ ಡಿ.ಎನ್.ಎ. ಅಣುವಿಗೆ ಒದಗುವ ಭಂಗ.)

ಆದರೆ ಈ 145 ಗ್ರೇ ಇರಬೇಕಾದುದು ಎಲ್ಲಿ? ಬೀಜವನ್ನು ಒಂದು ಬಿಂದುವೆಂದು ಭಾವಿಸೋಣ. ಅದರಿಂದ 5 ಮಿಲಿಮೀಟರು ದೂರದಲ್ಲಿರುವ ಡೋಸಿಗೆ ಹೋಲಿಸಿದರೆ, ವಿಲೋಮವರ್ಗ ನಿಯಮದಂತೆ, 10 ಮಿಲಿಮೀಟರಿನಲ್ಲಿ ನಾಲ್ಕರಲ್ಲೊಂದು ಪಾಲು, 20ರಲ್ಲಿ ಹದಿನಾರರಲ್ಲೊಂದು ಪಾಲು. ನಡುವಣ ಅಂಗಾಂಶವು ಹೀರುವುದರಿಂದ ಅದಕ್ಕಿಂತಲೂ ಕಡಿಮೆ. ಆದುದರಿಂದ ಇಡೀ ಗ್ರಂಥಿಗೆ ಸರಾಸರಿ ತೆಗೆದವನು ಮೋಸಹೋಗುತ್ತಾನೆ. ಬೀಜದ ಮಗ್ಗುಲಿನ ಭಾರಿ ಸಂಖ್ಯೆಗಳು ದೂರದ ಮೂಲೆಯ ಕೊರತೆಯನ್ನು ಮರೆಮಾಡುತ್ತವೆ. ಕ್ಯಾನ್ಸರು ಉಳಿದು ಮತ್ತೆ ಬೆಳೆಯುವುದು ಆ ಮೂಲೆಯಲ್ಲಿಯೇ ಆಗಬಹುದು.

ಲೆಕ್ಕಕ್ಕಾಗಿ ಸಾಮಾನ್ಯವಾಗಿ ಒಂದು ತಿಂಗಳು ಕಾದು ಸಿ.ಟಿ. ಚಿತ್ರ ತೆಗೆಯುತ್ತಾರೆ. ಸೂಜಿಯ ಗಾಯದಿಂದ ಗ್ರಂಥಿ ಬಾತಿರುವಾಗ ಬೀಜಗಳು ಪರಸ್ಪರ ದೂರ ಸರಿದಿದ್ದು, ಡೋಸು ನಿಜಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಚಿತ್ರದಲ್ಲಿ ಪ್ರತಿಯೊಂದು ಬೀಜದ ಸ್ಥಾನವನ್ನೂ ಗುರುತಿಸಿ, ಗ್ರಂಥಿಯನ್ನು ಸಾವಿರಾರು ಪುಟ್ಟ ಘನಗಳಾಗಿ ವಿಭಾಗಿಸಿ, ಒಂದೊಂದು ಘನಕ್ಕೂ ಎಲ್ಲ ಬೀಜಗಳಿಂದ ಬರುವ ಡೋಸನ್ನು ಗಣಕಯಂತ್ರ ಕೂಡುತ್ತದೆ. ಬಳಿಕ, ಇಂತಿಷ್ಟು ಅಥವಾ ಅದಕ್ಕೂ ಹೆಚ್ಚು ಡೋಸು ಪಡೆದ ಭಾಗ ನೂರಕ್ಕೆಷ್ಟು ಎಂಬುದನ್ನು ನಕ್ಷೆಯಾಗಿ ಎಳೆಯುತ್ತದೆ. ಗ್ರಂಥಿಯ ನೂರಕ್ಕೆ 90 ಭಾಗಕ್ಕೆ ಕನಿಷ್ಠಪಕ್ಷ ದೊರೆತ ಡೋಸಿಗೆ ‘ಡಿ-90’ ಎಂದು ಹೆಸರು.

ಡಿ-90 ಸರಿಯಾಗಿ 145 ಗ್ರೇ ಬಂದಿತೆನ್ನೋಣ. 40 ಘನ ಸೆಂಟಿಮೀಟರಿನ ಗ್ರಂಥಿಯಲ್ಲಿ ಉಳಿದ 4 ಘನ ಸೆಂಟಿಮೀಟರು ಎಲ್ಲಿದೆ? ಅಂಚಿನುದ್ದಕ್ಕೂ ತೆಳುವಾಗಿ ಹರಡಿ, 140 ಗ್ರೇಯಷ್ಟಾದರೂ ಪಡೆದಿದೆಯೆ? ಅಥವಾ ಒಂದೇ ಕಡೆ ಗುಂಪುಗೂಡಿ 80ರಲ್ಲಿ ನಿಂತಿದೆಯೆ? ಡಿ-90 ಎರಡಕ್ಕೂ ಒಂದೇ ಉತ್ತರವನ್ನು ಕೊಡುತ್ತದೆ! ಅದಕ್ಕಾಗಿಯೇ ಸಮಡೋಸಿನ ರೇಖೆಗಳನ್ನು ಒಂದೊಂದು ಅಡ್ಡಕೊಯ್ತದ ಚಿತ್ರದ ಮೇಲೂ ಎಳೆದು, ಕಣ್ಣಿನಿಂದ ನೋಡಲೇಬೇಕು. ಗ್ರಂಥಿಯ ಬೆನ್ನಿಗೇ ಅಂಟಿಕೊಂಡಿರುವ ಗುದನಾಳಕ್ಕೂ ಇದೇ ಬಗೆಯ ನಕ್ಷೆಯುಂಟು. ಆದರೆ ಅದನ್ನು ಓದುವ ರೀತಿ ತಿರುವುಮುರುವು. ಅಲ್ಲಿ 145 ಗ್ರೇ ಮುಟ್ಟಿದ ಭಾಗ ಎಷ್ಟು ಕಿರಿದಾದರೆ ಅಷ್ಟು ಒಳ್ಳೆಯದು.