ಚಿತ್ರಾ ನಕ್ಷತ್ರ: ನಮ್ಮ ವರ್ಷದ ಲೆಕ್ಕಕ್ಕೆ ಆಕಾಶದ ಸಾಕ್ಷಿ

ಕನ್ನಡನಾಡಿನಿಂದ ಬಂದು ಪುಣೆಯಲ್ಲಿ ನೆಲೆಸಿರುವ ನಮ್ಮವರ ಅನೇಕ ಮನೆಗಳಲ್ಲಿ ಎರಡು ಪಂಚಾಂಗಗಳು ಇರುತ್ತವೆ. ಒಂದು ಊರಿನಿಂದ ತರಿಸಿಕೊಂಡ ಕನ್ನಡ ಪಂಚಾಂಗ. ಮತ್ತೊಂದು ಇಲ್ಲಿಯ ಅಂಗಡಿಯಲ್ಲಿ ಕೊಂಡು ಗೋಡೆಗೆ ತೂಗುಹಾಕಿದ ಮರಾಠಿ ದಿನದರ್ಶಿಕೆ. ಯುಗಾದಿಯಂದು ನಾವು ಬೇವು-ಬೆಲ್ಲ ಹಂಚುವ ಹೊತ್ತಿಗೆ ನೆರೆಮನೆಯವರು ಗುಡಿಯನ್ನು ಏರಿಸಿರುತ್ತಾರೆ. ದಿನವೂ ಒಂದೇ, ಸಡಗರವೂ ಒಂದೇ. ಆದರೆ ಮಕರಸಂಕ್ರಾಂತಿಯ ವಿಷಯ ಹಾಗಲ್ಲ. ನಾವೆಲ್ಲ ಜನವರಿ 14 ಅಥವಾ 15ರಂದು ಎಳ್ಳು-ಬೆಲ್ಲ ಬೀರಿದರೆ, ಟಿಳಕ್ ಪಂಚಾಂಗವನ್ನು ಅನುಸರಿಸುವ ಕೆಲವು ಮರಾಠಿ ಕುಟುಂಬಗಳು 10ರಂದೇ ಸಂಕ್ರಾಂತಿಯನ್ನು ಮುಗಿಸಿರುತ್ತವೆ. ಸೂರ್ಯ ಒಬ್ಬನೇ ಇರುವಾಗ ಈ ನಾಲ್ಕು ದಿನಗಳ ಅಂತರ ಎಲ್ಲಿಂದ ಬಂದಿತು? ಶಾಲೆಗೆ ಹೋಗುವ ಮಕ್ಕಳು ಹೀಗೆ ಕೇಳಿದಾಗ ಹಿರಿಯರು "ಅವರ ಪದ್ಧತಿ ಬೇರೆ" ಎಂದಷ್ಟೇ ಹೇಳಿ ಸುಮ್ಮನಾಗುವುದುಂಟು.

ಈ ಪ್ರಶ್ನೆಗೆ ತಕ್ಕ ಉತ್ತರವಿದೆ. ಅದರ ಮುಖ್ಯ ಸಾಕ್ಷಿ ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವ, ನೀಲಿ ಬೆರೆತ ಬಿಳಿಯ ಬಣ್ಣದ ಒಂದು ತಾರೆ. ನಮ್ಮ ಹಿರಿಯರು ಅದನ್ನು ಚಿತ್ರಾ ಎಂದು ಕರೆದರು. ರೈತರ ಬಾಯಲ್ಲಿ ಅದು ಚಿತ್ತೆ. ಪಾಶ್ಚಾತ್ಯರು ಅದಕ್ಕೆ ಸ್ಪೈಕಾ ಎಂಬ ಹೆಸರನ್ನಿತ್ತಿದ್ದಾರೆ. ಈ ಲೇಖಕನು ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಯೇ ಹೊರತು ಖಗೋಲಜ್ಞನಲ್ಲ. ಆದರೂ ಲೆಕ್ಕ ತಾಳೆ ನೋಡುವುದೇ ಕಸುಬಾಗಿರುವವನಿಗೆ ಈ ತಾರೆಯ ಕಥೆಯಲ್ಲಿ ಒಂದು ವಿಶೇಷ ಸ್ವಾರಸ್ಯ ಕಂಡಿತು. ಅದನ್ನು ಸಂಘದ ಬಂಧುಗಳ ಮುಂದೆ ಸಂಕ್ಷೇಪವಾಗಿ ಇಡುತ್ತಿದ್ದೇನೆ.

ತಾರೆಯ ಪರಿಚಯ

ಅಶ್ವಿನಿಯಿಂದ ಆರಂಭವಾಗುವ ಇಪ್ಪತ್ತೇಳು ನಕ್ಷತ್ರಗಳಲ್ಲಿ ಚಿತ್ರಾ ಹದಿನಾಲ್ಕನೆಯದು. ಅದರ ಮೊದಲ ಎರಡು ಪಾದಗಳು ಕನ್ಯಾರಾಶಿಗೂ ಉಳಿದೆರಡು ಪಾದಗಳು ತುಲಾರಾಶಿಗೂ ಸೇರಿವೆ. ಕಾಂತಿಯಲ್ಲಿ ಇದು ಪ್ರಥಮ ವರ್ಗದ ತಾರೆ.

ಕುಲುಮೆಯಲ್ಲಿ ಕಬ್ಬಿಣ ಕಾಯುವಾಗ ಮೊದಲು ಕೆಂಪಾಗಿ, ಬಳಿಕ ಹಳದಿಯಾಗಿ, ಮತ್ತಷ್ಟು ಕಾದಾಗ ಬಿಳುಪಿಗೆ ತಿರುಗುವುದನ್ನು ನಾವು ನೋಡಿದ್ದೇವೆ. ತಾರೆಗಳ ಬಣ್ಣವೂ ಅವುಗಳ ಉಷ್ಣತೆಯನ್ನು ಹೀಗೆಯೇ ಸೂಚಿಸುತ್ತದೆ. ನಮ್ಮ ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯುಳ್ಳದ್ದು. ಚಿತ್ರೆಯ ಮೇಲ್ಮೈಯಾದರೋ 20 ಸಾವಿರ ಡಿಗ್ರಿಗಳನ್ನೂ ಮೀರಿದ್ದು. ಆದ್ದರಿಂದಲೇ ಅದಕ್ಕೆ ನೀಲಿ ಛಾಯೆ.

ನಾವು ಒಂದೆಂದು ಕಾಣುವ ಈ ತಾರೆ ವಾಸ್ತವವಾಗಿ ಜೋಡಿತಾರೆ. ಜರ್ಮನಿಯ ಪಾಟ್ಸ್‌ಡಾಮ್ ವೀಕ್ಷಣಾಲಯದ ಹೆರ್ಮನ್ ಫೋಗೆಲ್ ಎಂಬ ವಿಜ್ಞಾನಿ 1890ರಲ್ಲಿ ಅದರ ಬೆಳಕಿನ ವರ್ಣಪಟಲವನ್ನು ಪರೀಕ್ಷಿಸಿ ಈ ಸಂಗತಿಯನ್ನು ಕಂಡುಕೊಂಡನು. ದೊಡ್ಡ ತಾರೆಯ ದ್ರವ್ಯರಾಶಿ ಸೂರ್ಯನ ಸುಮಾರು ಹನ್ನೊಂದು ಪಟ್ಟು. ಚಿಕ್ಕದರದು ಸುಮಾರು ಏಳು ಪಟ್ಟು. ಬುಧಗ್ರಹವು ಸೂರ್ಯನಿಗೆ ಇರುವುದಕ್ಕಿಂತಲೂ ಸಮೀಪದಲ್ಲಿ ಇವೆರಡೂ ಇದ್ದು, ಕೇವಲ ನಾಲ್ಕು ದಿನಗಳಲ್ಲಿ ಒಂದನ್ನೊಂದು ಸುತ್ತಿಬರುತ್ತವೆ. ಪರಸ್ಪರ ಸೆಳೆತದಿಂದ ಅವುಗಳ ಆಕಾರವೇ ಮೊಟ್ಟೆಯಂತೆ ನೀಳವಾಗಿದೆ.

ಚಿತ್ರೆ ನಮ್ಮಿಂದ ಸುಮಾರು 250 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಇಂದು ರಾತ್ರಿ ನಮ್ಮ ಕಣ್ಣನ್ನು ಸೇರುವ ಅದರ ಕಿರಣ, ಶ್ರೀರಂಗಪಟ್ಟಣದಲ್ಲಿ ಹೈದರಾಲಿಯೂ ಇದೇ ಪುಣೆಯ ಶನಿವಾರವಾಡೆಯಲ್ಲಿ ಪೇಶವೆಯರೂ ಆಳುತ್ತಿದ್ದ ಕಾಲದಲ್ಲಿ ಅಲ್ಲಿಂದ ಹೊರಟದ್ದು.

ಚೈತ್ರದ ಹೆಸರು, ಚಿತ್ತೆಯ ಮಳೆ

ಚಂದ್ರನು ಆಕಾಶದಲ್ಲಿ ಸಂಚರಿಸುವ ಹಾದಿಯ ಸಮೀಪದಲ್ಲಿಯೇ ಚಿತ್ರೆ ಇದೆ. ಸುಮಾರು 27 ದಿನಗಳಿಗೊಮ್ಮೆ ಚಂದ್ರನು ಅದರ ಬಳಿ ಹಾದುಹೋಗುತ್ತಾನೆ; ಕೆಲವು ವರ್ಷಗಳಲ್ಲಿ ಅದನ್ನು ಕೆಲಹೊತ್ತು ಮರೆಮಾಡುವುದೂ ಉಂಟು. ಯಾವ ತಿಂಗಳಿನ ಹುಣ್ಣಿಮೆಯ ಚಂದ್ರ ಚಿತ್ರೆಯ ಆಸುಪಾಸಿನಲ್ಲಿ ತೋರುವನೋ ಆ ತಿಂಗಳು ಚೈತ್ರ. ವಿಶಾಖೆಯಿಂದ ವೈಶಾಖ, ಕೃತ್ತಿಕೆಯಿಂದ ಕಾರ್ತಿಕ ಎಂಬ ಹೆಸರುಗಳು ಬಂದುದೂ ಹೀಗೆಯೇ. ಕನ್ನಡಿಗರ ಯುಗಾದಿಯೂ ಮಹಾರಾಷ್ಟ್ರದ ಗುಡಿಪಾಡ್ಯವೂ ಚೈತ್ರ ಶುದ್ಧ ಪ್ರತಿಪದೆಯಂದೇ ಬರುವುದರಿಂದ, ಎರಡೂ ಭಾಷೆಯವರ ಹೊಸವರ್ಷಕ್ಕೆ ಹೆಸರಿತ್ತ ತಾರೆ ಒಂದೇ ಎಂದಾಯಿತು.

ಒಕ್ಕಲುಮಕ್ಕಳಿಗೆ ಚಿತ್ತೆಯ ಪರಿಚಯ ಇನ್ನೊಂದು ಬಗೆಯದು. ಸೂರ್ಯನು ಯಾವ ನಕ್ಷತ್ರದಲ್ಲಿರುವನೋ ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರಿಡುವುದು ನಮ್ಮ ನಾಡಿನ ರೂಢಿ. ಹಸ್ತದ ಮಳೆಯ ಬಳಿಕ, ಸ್ವಾತಿಯ ಮಳೆಗೆ ಮುಂಚೆ, ಅಕ್ಟೋಬರ್ ತಿಂಗಳಿನಲ್ಲಿ ಬರುವುದು ಚಿತ್ತೆಯ ಮಳೆ. ಆಗ ಸೂರ್ಯನೇ ಆ ತಾರೆಯ ಬಳಿ ಇರುವುದರಿಂದ ತಾರೆ ಕಣ್ಣಿಗೆ ಬೀಳುವುದಿಲ್ಲ. ಆರು ತಿಂಗಳ ನಂತರ, ಏಪ್ರಿಲ್ ಮಧ್ಯದಲ್ಲಿ, ಸೂರ್ಯ ಪಶ್ಚಿಮದಲ್ಲಿ ಮುಳುಗುವ ವೇಳೆಗೆ ಅದು ಪೂರ್ವದಲ್ಲಿ ಉದಯಿಸುತ್ತದೆ.

ಎರಡು ಆರಂಭಗಳ ತೊಡಕು

ಈಗ ಸಂಕ್ರಾಂತಿಯ ವಿಷಯಕ್ಕೆ ಬರೋಣ. ಯಾವ ಖಾತೆಗಾದರೂ ಆರಂಭದ ಶಿಲ್ಕು ಖಚಿತವಾಗಿರಬೇಕು. ಅದು ತಪ್ಪಿದರೆ ಮುಂದಿನ ಪ್ರತಿಯೊಂದು ನಮೂದೂ ಅಷ್ಟರಮಟ್ಟಿಗೆ ತಪ್ಪುತ್ತದೆ. ಸೂರ್ಯನ ವಾರ್ಷಿಕ ಪಥವಾದ ಕ್ರಾಂತಿವೃತ್ತವನ್ನು ಹನ್ನೆರಡು ರಾಶಿಗಳಾಗಿ ವಿಭಾಗಿಸುವಾಗಲೂ ಮೇಷದ ಆರಂಭಬಿಂದು ಯಾವುದೆಂಬುದು ಮೊದಲು ನಿಶ್ಚಯವಾಗಬೇಕು.

ವಸಂತ ವಿಷುವದ ಬಿಂದುವನ್ನೇ ಆರಂಭವೆನ್ನಬಹುದಾಗಿತ್ತು. ಆದರೆ ಆ ಬಿಂದು ನಿಂತಲ್ಲಿ ನಿಲ್ಲುವುದಿಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಗ್ರೀಕ್ ಜ್ಯೋತಿರ್ವಿದ ಹಿಪಾರ್ಕಸ್ ಇದನ್ನು ಕಂಡುಹಿಡಿದುದು ಮುಖ್ಯವಾಗಿ ಚಿತ್ರಾ ನಕ್ಷತ್ರದಿಂದಲೇ ಎಂಬುದು ಗಮನಾರ್ಹ. ತನಗಿಂತ ಸುಮಾರು ಒಂದೂವರೆ ಶತಮಾನ ಹಿಂದೆ ಟಿಮೊಕಾರಿಸ್ ಎಂಬಾತ ಅಳೆದಿಟ್ಟಿದ್ದ ಚಿತ್ರೆಯ ಸ್ಥಾನಕ್ಕೂ ತಾನು ಅಳೆದುದಕ್ಕೂ ಸುಮಾರು ಎರಡು ಡಿಗ್ರಿಗಳ ವ್ಯತ್ಯಾಸವನ್ನು ಅವನು ಕಂಡನು. ಭೂಮಿಯ ಅಕ್ಷವು ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ವಿಷುವಬಿಂದು ವರ್ಷಕ್ಕೆ ಸುಮಾರು 50 ವಿಕಲೆಗಳಷ್ಟು, ಎಂದರೆ 72 ವರ್ಷಗಳಿಗೆ ಒಂದು ಡಿಗ್ರಿಯಷ್ಟು, ಹಿಂದೆ ಸರಿಯುತ್ತದೆ. ಇದೇ ಅಯನಚಲನ. ಸ್ಥಿರವಾದ ಮೇಷಾರಂಭಕ್ಕೂ ಚಲಿಸುವ ವಿಷುವಬಿಂದುವಿಗೂ ಈವರೆಗೆ ಬಿದ್ದಿರುವ ಅಂತರಕ್ಕೆ ಅಯನಾಂಶವೆಂದು ಹೆಸರು. ಡಿಸೆಂಬರ್ 22ರ ಸುಮಾರಿಗೆ ಉತ್ತರಾಯಣ ಆರಂಭವಾದರೂ ಮಕರಸಂಕ್ರಾಂತಿ ಜನವರಿ ಮಧ್ಯದಲ್ಲಿ ಬರುವುದಕ್ಕೆ ಇದೇ ಕಾರಣ.

ನಮ್ಮ ಪಂಚಾಂಗಗಳು ನಕ್ಷತ್ರಗಳಿಗೆ ಅಂಟಿಕೊಂಡವು. ಅವುಗಳಿಗೆ ಸ್ಥಿರಬಿಂದು ಬೇಕು. ಸೂರ್ಯಸಿದ್ಧಾಂತವು ಚಿತ್ರೆಯನ್ನು 180 ಡಿಗ್ರಿಗಳಲ್ಲಿಯೂ ರೇವತಿಯ ಯೋಗತಾರೆಯನ್ನು 359 ಡಿಗ್ರಿ 50 ಕಲೆಗಳಲ್ಲಿಯೂ ಹೇಳಿದೆ. ಎರಡೂ ನಿಜವಾಗಿದ್ದಲ್ಲಿ ಅವು ಆಕಾಶದಲ್ಲಿ ಹೆಚ್ಚುಕಡಿಮೆ ಎದುರುಬದುರು ಇರಬೇಕಾಗಿತ್ತು. ಆದರೆ ಆಧುನಿಕ ಅಳತೆಯಲ್ಲಿ ಅವುಗಳ ನಡುವೆ ಸುಮಾರು ನಾಲ್ಕು ಡಿಗ್ರಿಗಳ ತಾಳೆ ತಪ್ಪುತ್ತದೆ. ಒಂದೇ ಖಾತೆಗೆ ಎರಡು ಆರಂಭದ ಶಿಲ್ಕುಗಳು ದೊರೆತಂತಾಯಿತು. ಸೂರ್ಯನು ದಿನಕ್ಕೆ ಸುಮಾರು ಒಂದು ಡಿಗ್ರಿ ಚಲಿಸುವುದರಿಂದ ನಾಲ್ಕು ಡಿಗ್ರಿ ಎಂದರೆ ನಾಲ್ಕು ದಿನ. ಮಕ್ಕಳ ಪ್ರಶ್ನೆಗೆ ಇದೇ ಉತ್ತರ.

ಇಷ್ಟಕ್ಕೇ ಮುಗಿಯಲಿಲ್ಲ. ಯಾವ ಚಾಂದ್ರಮಾಸದಲ್ಲಿ ಸಂಕ್ರಾಂತಿ ಬರುವುದಿಲ್ಲವೋ ಅದು ಅಧಿಕಮಾಸ. ಸಂಕ್ರಾಂತಿಯೇ ನಾಲ್ಕು ದಿನ ಸರಿದರೆ ಕೆಲವು ವರ್ಷಗಳಲ್ಲಿ ಅಧಿಕಮಾಸವೂ ಬೇರೆಯಾಗಿ, ಗಣೇಶನ ಹಬ್ಬವೋ ದೀಪಾವಳಿಯೋ ಎರಡು ಪಂಚಾಂಗಗಳಲ್ಲಿ ಇಡೀ ಒಂದು ತಿಂಗಳ ಅಂತರದಲ್ಲಿ ಬೀಳುತ್ತದೆ.

ಪುಣೆಯ ಪಕ್ಷ, ನರಗುಂದದ ಪಕ್ಷ

ಈ ವಿವಾದದ ಒಂದು ತುದಿ ಪುಣೆಯಲ್ಲಿಯೂ ಇನ್ನೊಂದು ತುದಿ ಕನ್ನಡನಾಡಿನಲ್ಲಿಯೂ ಇದ್ದುದು ನಮ್ಮಂಥವರಿಗೆ ವಿಶೇಷ ಆಸಕ್ತಿಯ ಸಂಗತಿ. ಪುಣೆಯ ಗಣಿತ ಪ್ರಾಧ್ಯಾಪಕ ಕೇರೋ ಲಕ್ಷ್ಮಣ ಛತ್ರೆಯವರು 1865ರಲ್ಲಿ ರೇವತಿಯನ್ನು ಆಧಾರವಾಗಿಟ್ಟುಕೊಂಡ ಪಟವರ್ಧನಿ ಪಂಚಾಂಗವನ್ನು ಆರಂಭಿಸಿದರು. ಅವರ ಶಿಷ್ಯರಾದ ಲೋಕಮಾನ್ಯ ಟಿಳಕರು ಅದೇ ಪಕ್ಷವನ್ನು ಎತ್ತಿಹಿಡಿದರು. ಇಂದಿಗೂ ಆ ಪಂಚಾಂಗ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಚಿತ್ರಾಪಕ್ಷದ ಪ್ರಬಲ ಸಮರ್ಥಕರು ವೆಂಕಟೇಶ ಬಾಪೂಜಿ ಕೇತಕರರು. ಅವರು 1854ರಲ್ಲಿ ಹುಟ್ಟಿದ್ದು ನರಗುಂದದಲ್ಲಿ. ಅಧ್ಯಾಪಕರಾಗಿ ದುಡಿದದ್ದು ಬಾಗಲಕೋಟೆಯಲ್ಲಿ. 1930ರಲ್ಲಿ ಕಾಲವಾದದ್ದು ವಿಜಾಪುರದಲ್ಲಿ. ಶಾಲೆಯ ಕೆಲಸದ ನಡುವೆಯೇ ಪಾಶ್ಚಾತ್ಯ ಗಣಿತವನ್ನು ಅಭ್ಯಾಸಮಾಡಿ, 'ಜ್ಯೋತಿರ್ಗಣಿತ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿ, ಆಕಾಶಕ್ಕೆ ತಾಳೆಯಾಗುವ ಪಂಚಾಂಗಗಣಿತಕ್ಕೆ ಹಾದಿ ಹಾಕಿಕೊಟ್ಟರು. ಸೊಲ್ಲಾಪುರದ ದಾತೆ ಪಂಚಾಂಗವೂ ಚಿತ್ರಾಪಕ್ಷದ್ದೇ.

ಚಿತ್ರೆಯ ಪರವಾದ ವಾದಗಳಲ್ಲಿ ಒಂದು ಸಾಮಾನ್ಯರಿಗೂ ತಿಳಿಯುವಂಥದು. ರೇವತಿಯ ಯೋಗತಾರೆ ಅತ್ಯಂತ ಮಂಕು. ನಗರದ ಆಕಾಶದಲ್ಲಿ ಅದನ್ನು ಬರಿಗಣ್ಣಿನಿಂದ ಕಾಣುವುದು ಸಾಧ್ಯವಿಲ್ಲ. ಚಿತ್ರೆಯನ್ನಾದರೋ ಯಾರೂ ನೋಡಬಹುದು. ಮೇಲಾಗಿ, ಚಿತ್ರೆಯನ್ನು ಹಿಡಿದರೆ ಸಂಕ್ರಾಂತಿಯ ದಿನ ಪರಂಪರೆಯ ಪಂಚಾಂಗಗಳ ಎಣಿಕೆಗೆ ಹತ್ತಿರವಾಗಿಯೇ ಉಳಿಯುತ್ತದೆ.

ಸ್ವಾತಂತ್ರ್ಯಾನಂತರ, 1952ರಲ್ಲಿ, ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಕವಾಯಿತು. ಎನ್. ಸಿ. ಲಾಹಿರಿಯವರು ಕಾರ್ಯದರ್ಶಿಗಳು, 'ಕೇಸರಿ'ಯ ಮಾಜಿ ಸಂಪಾದಕರಾದ ಪುಣೆಯ ಜೆ. ಎಸ್. ಕರಂದೀಕರರು ಸದಸ್ಯರಲ್ಲೊಬ್ಬರು. ದೇಶದಲ್ಲಿ ಸುಮಾರು ಮೂವತ್ತು ಬಗೆಯ ಪಂಚಾಂಗಗಳು ಬಳಕೆಯಲ್ಲಿದ್ದುದನ್ನು ಸಮಿತಿ ಕಂಡಿತು. 1955ರ ವರದಿಯಲ್ಲಿ ಅದು ಚಿತ್ರಾಪಕ್ಷವನ್ನು ಸ್ವೀಕರಿಸಿ, 1956ರ ಮಾರ್ಚ್ 21ಕ್ಕೆ ಅಯನಾಂಶವನ್ನು 23 ಡಿಗ್ರಿ 15 ಕಲೆಗಳೆಂದು ನಿಗದಿಗೊಳಿಸಿತು. ಈಗ ಅದು 24 ಡಿಗ್ರಿಗಳನ್ನು ದಾಟಿದೆ. ಭಾರತ ಸರ್ಕಾರದ ರಾಷ್ಟ್ರೀಯ ಪಂಚಾಂಗವು ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಪ್ರಕಟವಾಗುತ್ತ ಬಂದಿದೆ.

ಹಾಗೆಂದು ರೇವತಿಪಕ್ಷದವರನ್ನು ಅಜ್ಞಾನಿಗಳೆನ್ನಲಾಗದು. ಅವರಿಗೂ ಗ್ರಂಥಾಧಾರವಿದೆ, ಗಣಿತವಿದೆ. ಯಾವ ತಾರೆಯಿಂದ ಎಣಿಸಬೇಕೆಂಬುದು ಒಪ್ಪಂದದ ಮಾತು. ಎಣಿಸಿದ ಮೇಲೆ ಲೆಕ್ಕ ಆಕಾಶಕ್ಕೆ ಸರಿಹೊಂದಬೇಕೆಂಬುದು ಮಾತ್ರ ಇಬ್ಬರಿಗೂ ಸಮಾನವಾದ ನಿಯಮ. ನೆರೆಯವರ ಸಂಕ್ರಾಂತಿಯನ್ನು ನಮ್ಮ ಮಕ್ಕಳು ಹಾಸ್ಯಮಾಡದೆ ಗೌರವಿಸಬೇಕಾದರೆ ಇಷ್ಟನ್ನು ಅವರಿಗೆ ತಿಳಿಸಿಹೇಳುವುದು ಅಗತ್ಯ.

ಕೊಂಢವಾದಿಂದ ನೋಡುವ ಕ್ರಮ

ಕೊಂಢವಾ ಭಾಗದಲ್ಲಿ ಈಗ ಬಹುಮಹಡಿಯ ಕಟ್ಟಡಗಳು ದಟ್ಟವಾಗಿ ಎದ್ದಿವೆ. ಬೀದಿದೀಪಗಳ ಬೆಳಕೂ ಹೆಚ್ಚು. ಆದರೂ ಒಂದು ಅನುಕೂಲವಿದೆ. ನಗರದ ದಟ್ಟವಾದ ಬೆಳಕು ನಮಗೆ ಉತ್ತರಕ್ಕೆ. ಚಿತ್ರೆ ನೆತ್ತಿಯತ್ತ ಬರುವುದು ದಕ್ಷಿಣದಲ್ಲಿ, ಬೋಪದೇವ್ ಘಾಟಿನ ಗುಡ್ಡಗಳ ಕಡೆಗೆ. ಅದು ಅತ್ಯಂತ ಮೇಲೇರಿದಾಗ ದಕ್ಷಿಣ ದಿಗಂತದಿಂದ ಸುಮಾರು 60 ಡಿಗ್ರಿ ಎತ್ತರದಲ್ಲಿರುತ್ತದೆ. ಇಷ್ಟು ಎತ್ತರಕ್ಕೆ ಮನೆಯ ಮಾಳಿಗೆಯೇ ಸಾಕು. ಏಪ್ರಿಲ್ ಕೊನೆಯಲ್ಲಿ ರಾತ್ರಿ ಹನ್ನೊಂದೂಕಾಲರ ಸುಮಾರಿಗೆ, ಮೇ ಮಧ್ಯದಲ್ಲಿ ಹತ್ತೂಕಾಲಕ್ಕೆ, ಮೇ ಕೊನೆಯಲ್ಲಿ ಒಂಬತ್ತೂಕಾಲಕ್ಕೆ ಅದು ಆ ಸ್ಥಾನದಲ್ಲಿರುತ್ತದೆ. ಜೂನ್ ತಿಂಗಳಿನಲ್ಲಿ ಮಳೆಮೋಡಗಳು ಕವಿಯುವ ಮುನ್ನ ನೋಡಿಕೊಳ್ಳಬೇಕು.

ಗುರುತು ಹಿಡಿಯುವ ವಿಧಾನ ಸುಲಭ. ಮೊದಲು ಉತ್ತರದಲ್ಲಿ ಸಪ್ತರ್ಷಿಮಂಡಲವನ್ನು ಹುಡುಕಬೇಕು. ಅದರ ಬಾಲದ ಮೂರು ತಾರೆಗಳ ಬಾಗನ್ನು ಹಾಗೆಯೇ ಮುಂದುವರಿಸಿದರೆ ಕಿತ್ತಳೆ ಬಣ್ಣದ, ಬಹು ಪ್ರಕಾಶಮಾನವಾದ ಸ್ವಾತಿ ಸಿಕ್ಕುತ್ತದೆ. ಅದೇ ಬಾಗಿನಲ್ಲಿ ಇನ್ನೂ ದಕ್ಷಿಣಕ್ಕೆ ಸಾಗಿದರೆ ನೀಲಿಬಿಳುಪಿನ ಚಿತ್ರೆ. ಸ್ವಾತಿಯನ್ನೂ ಚಿತ್ರೆಯನ್ನೂ ಒಂದಾದ ಮೇಲೊಂದು ನೋಡಿದರೆ ಬಣ್ಣದ ಭೇದ ಚೆನ್ನಾಗಿ ತಿಳಿಯುತ್ತದೆ.

ಕಣ್ಣಿನ ವಿಷಯದಲ್ಲಿ ಎರಡು ಮಾತು. ಬೆಳಕಿನಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷಗಳು ಬೇಕು; ಆ ನಡುವೆ ಮೊಬೈಲನ್ನು ನೋಡಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಕುತ್ತಿಗೆನೋವುಳ್ಳ ಹಿರಿಯರು ನಿಂತು ತಲೆಯೆತ್ತುವ ಬದಲು ಚಾಪೆಯ ಮೇಲೆ ಮಲಗಿ ನೋಡುವುದು ಹಿತ. ಉಳಿದವರಿಗೆಲ್ಲ ಕಾಣುವ ತಾರೆ ಒಬ್ಬರಿಗೆ ಮಾತ್ರ ಕಾಣದಿದ್ದರೆ, ಅಥವಾ ಮಬ್ಬುಗತ್ತಲೆಯಲ್ಲಿ ನಡೆಯುವುದೇ ಕಷ್ಟವೆನಿಸಿದರೆ, ಅದನ್ನು ವಯಸ್ಸಿನ ದೋಷವೆಂದು ಅಲಕ್ಷಿಸದೆ ನೇತ್ರವೈದ್ಯರನ್ನು ಕಾಣಬೇಕು. ಕಣ್ಣಿನ ಪೊರೆ, 'ಎ' ಜೀವಸತ್ವದ ಕೊರತೆ ಮೊದಲಾದವು ಹೀಗೆ ತಲೆದೋರುವುದುಂಟು.

ಮುಕ್ತಾಯ

ಮಹಾನಗರದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಚೈತ್ರ, ಸಂಕ್ರಾಂತಿ, ಅಧಿಕಮಾಸ ಎಂಬ ಮಾತುಗಳು ಕ್ರಮೇಣ ಅರ್ಥವಿಲ್ಲದ ಶಬ್ದಗಳಾಗುತ್ತಿವೆ. ಹೆಸರು ಮಾತ್ರ ಉಳಿದು ಹೆಸರಿನ ಹಿಂದಿದ್ದ ವಸ್ತು ಮರೆತುಹೋದರೆ, ಮುಂದೆ ಹೆಸರೂ ಹೆಚ್ಚು ಕಾಲ ಉಳಿಯಲಾರದು. ಆದುದರಿಂದ ಬರುವ ಚೈತ್ರ ಹುಣ್ಣಿಮೆಯ ಆಸುಪಾಸಿನ ಒಂದು ರಾತ್ರಿ ಮಕ್ಕಳನ್ನು ಮಾಳಿಗೆಗೆ ಕರೆದೊಯ್ದು, ಚಂದ್ರನನ್ನೂ ಅವನ ಸಮೀಪದ ಚಿತ್ರೆಯನ್ನೂ ತೋರಿಸಿರೆಂದು ಸಂಘದ ಎಲ್ಲ ಬಂಧುಗಳಲ್ಲಿ ವಿನಂತಿ. ನೆರೆಯ ಮರಾಠಿ ಮಕ್ಕಳೂ ಜೊತೆಗಿದ್ದರೆ ಇನ್ನೂ ಉತ್ತಮ. ಇದಕ್ಕೆ ದೂರದರ್ಶಕವೂ ಬೇಡ, ಖರ್ಚೂ ಬೇಡ. ಅರ್ಧ ಗಂಟೆಯ ಬಿಡುವು ಇದ್ದರೆ ಸಾಕು.